ಲೂಸರ್ನ್ ಬೀಜದ ಚೀಲದಲ್ಲಿ ಒಂದು ಊರೇ ಇದೆ

ದನಗಳ ಮೇವಿಗೆ ಬೆಳೆಯುವ ಲೂಸರ್ನ್ ಗಿಡದ ಬೀಜದ ವಿವರದಲ್ಲಿ 'ಬೇರು ಕೊಳೆ ರೋಗಕ್ಕೆ ಹೆಚ್ಚಿನ ನಿರೋಧಕ ಶಕ್ತಿ' ಎಂದಿದ್ದರೆ ನಾವು ಏನಂದುಕೊಳ್ಳುತ್ತೇವೆ? ಹೊಲದ ಯಾವ ಗಿಡಕ್ಕೂ ಆ ರೋಗ ತಗಲುವುದಿಲ್ಲ ಅಂತ, ಅಲ್ವಾ? ಉತ್ತರ ಅಮೆರಿಕದ ತಳಿ ಪಟ್ಟಿಗಳಲ್ಲಿ ಅದರ ಅರ್ಥ ಬೇರೆ. ಪರೀಕ್ಷೆಯಲ್ಲಿ ನೂರಕ್ಕೆ 50ಕ್ಕಿಂತ ಜಾಸ್ತಿ ಗಿಡಗಳು ತಡೆದುಕೊಂಡವು, ಅಷ್ಟೇ. ಬರೀ 'ನಿರೋಧಕ' ಅಂದರೆ 31ರಿಂದ 50. 'ಸಾಧಾರಣ' ಅಂದರೆ 15ರಿಂದ 30.

ಇದರಲ್ಲಿ ಮೋಸವಿಲ್ಲ. ಈ ಗಿಡದ ಸ್ವಭಾವವೇ ಹಾಗೆ, ಅದಕ್ಕೆ ಕಾರಣ ಅದರ ಹೂವು. ನನಗೆ ತುಂಬ ಇಷ್ಟವಾದ ಹೂವು ಇದು. ಕೆಳಗಿನ ಎರಡು ಎಸಳುಗಳು ದೋಣಿಯಂತೆ ಕೂಡಿಕೊಂಡು ಕೇಸರಗಳ ಕಂಬವನ್ನು ಅದುಮಿ ಹಿಡಿದಿರುತ್ತವೆ. ಹೆದೆ ಎಳೆದಿಟ್ಟ ಬಿಲ್ಲಿನ ಹಾಗೆ. ಹೂಡಿಟ್ಟ ಇಲಿಬೋನಿನ ಹಾಗೆ. ಜೇನು ಬಂದು ಕೂತು ಒತ್ತಿದರೆ ಹಿಡಿತ ಬಿಟ್ಟು ಕಂಬ ಚಿಮ್ಮುತ್ತದೆ, ಜೇನಿನ ತಲೆಗೆ ಬಡಿಯುತ್ತದೆ. ಬೇರೆ ಗಿಡದಿಂದ ಬಂದ ಪರಾಗ ಇಲ್ಲಿ ಅಂಟುತ್ತದೆ, ಇಲ್ಲಿಯದು ಅದರ ಮೈಗೆ ಮೆತ್ತುತ್ತದೆ. ಸಾಕುವ ಜೇನುಗಳು ಈ ಪೆಟ್ಟು ತಪ್ಪಿಸಿಕೊಂಡು ಪಕ್ಕದಿಂದ ಮಕರಂದ ಹೀರಲು ಕಲಿತುಬಿಡುತ್ತವೆ. ಅದಕ್ಕೇ ಬೀಜ ಬೆಳೆಯುವವರು ಎಲೆ ಕತ್ತರಿಸುವ ಒಂಟಿ ಜೇನುಗಳನ್ನು ಸಾಕುತ್ತಾರೆ.

ತನ್ನದೇ ಪರಾಗದಿಂದ ಬೀಜ ಕಟ್ಟಿದರೆ ಮುಂದಿನ ಪೀಳಿಗೆ ಸೊರಗುತ್ತದೆ. ಹಾಗಾಗಿ ಹಲವು ತಾಯಿಗಿಡಗಳನ್ನು ಬೆರೆಸಿಯೇ ಒಂದು ತಳಿ ಮಾಡುತ್ತಾರೆ. ಚೀಲದ ಒಂದು ಬೀಜದಂತೆ ಇನ್ನೊಂದಿಲ್ಲ. ಒಂದೇ ಊರಿನವರು, ಆದರೆ ಮುಖ ಬೇರೆ, ತಾಳಿಕೆ ಬೇರೆ. ತಳಿಯ ಅಂಕಿಗಳೆಲ್ಲ ಆ ಊರಿನ ಜನಗಣತಿ.

1857ರಲ್ಲಿ ವೆಂಡೆಲಿನ್ ಗ್ರಿಮ್ ಎಂಬ ಜರ್ಮನ್ ರೈತ ಸ್ವಲ್ಪ ಲೂಸರ್ನ್ ಬೀಜ ಹಿಡಿದು ಅಮೆರಿಕದ ಮಿನ್ನೆಸೋಟಾಕ್ಕೆ ಬಂದ. ಅಲ್ಲಿನ ಚಳಿಗೆ ಬಹಳಷ್ಟು ಗಿಡಗಳು ಸತ್ತವು. ಉಳಿದವುಗಳ ಬೀಜವನ್ನೇ ಅವನು ವರ್ಷ ವರ್ಷವೂ ಆರಿಸಿ ಬಿತ್ತಿದ. ಕೊನೆಗೆ ಆ ಚಳಿಗೆ ಒಗ್ಗಿದ 'ಗ್ರಿಮ್' ತಳಿಯೇ ಹುಟ್ಟಿತು. ಎಲ್ಲ ಗಿಡಗಳೂ ಒಂದೇ ಥರ ಇದ್ದಿದ್ದರೆ ಮೊದಲ ಚಳಿಗೇ ಎಲ್ಲವೂ ಹೋಗುತ್ತಿದ್ದವು.

ಚಳಿಗೆ ಮುಂಚೆ ತಳಿಯ ಬೆಳವಣಿಗೆ ಎಷ್ಟು ನಿಧಾನವಾಗುತ್ತದೆ ಎಂದು ಅಳೆಯಲು 1ರಿಂದ 11ರ ಅಂಕವಿದೆ. 1 ಅಂದರೆ ಬೇಗ ಮಲಗುವುದು, 11 ಅಂದರೆ ಬೆಳೆಯುತ್ತಲೇ ಇರುವುದು. ಬೆಚ್ಚಗಿನ ಕಡೆ ದೊಡ್ಡ ಅಂಕದ ತಳಿ ಜಾಸ್ತಿ ಮೇವು ಕೊಡುತ್ತದೆ. ಆದರೆ ಬೇಗ ಎತ್ತರವಾಗುವುದರಿಂದ ಕಾಂಡದ ಪಾಲು ಹೆಚ್ಚು, ಎಲೆಯ ಪಾಲು ಕಡಿಮೆ. ಪ್ರೋಟೀನಿನ ಬಹುಪಾಲು ಇರುವುದು ಎಲೆಯಲ್ಲಿ. ಮೇವಿನ ಗುಣ ಬೇಕೆನ್ನುವವರು ತಮ್ಮ ಹವೆಗೆ ಒಗ್ಗುವ ತಳಿಗಳಲ್ಲೇ ಸ್ವಲ್ಪ ಚಿಕ್ಕ ಅಂಕದ ಕಡೆ ವಾಲುವುದು ಒಳ್ಳೆಯದು.

ಒಂದೊಂದು ಎಲೆಯಲ್ಲಿ ಮೂರರ ಬದಲು ಐದು ಕಿರುಎಲೆ ಬಿಡುವ ತಳಿಯೇ ಉತ್ತಮ ಎನ್ನುವ ಮಾತಿದೆ. ಸುಮ್ನೆ ಎಲೆ ಎಣಿಸಿದರೆ ಏನೂ ತಿಳಿಯುವುದಿಲ್ಲ. ಕಿರುಎಲೆಗಳು ಚಿಕ್ಕದಾಗಿದ್ದರೆ ಒಟ್ಟು ಎಲೆ ಅಷ್ಟೇ ಇರಬಹುದು. ಕೇಳಬೇಕಾದದ್ದು ಎಲೆಯ ತೂಕ ಮತ್ತು ನಾರು ಎಷ್ಟು ಅರಗುತ್ತದೆ ಎಂಬುದು. ಕಾಂಡ ಬಲಿತಂತೆ ಲಿಗ್ನಿನ್ ಎಂಬ ಗಟ್ಟಿ ಪದಾರ್ಥ ಸೇರಿ, ಗಾರೆ ಗಟ್ಟಿಯಾದ ಗೋಡೆಯಂತಾಗುತ್ತದೆ. ದನದ ಹೊಟ್ಟೆಯ ಸೂಕ್ಷ್ಮಜೀವಿಗಳು ಅದನ್ನು ಒಡೆಯಲಾರವು. ಲಿಗ್ನಿನ್ ಕಡಿಮೆ ಇರುವ ತಳಿಗಳು ಈಗ ಇವೆ. ಕುಯ್ಲು ಕೆಲವು ದಿನ ತಡವಾದರೂ ಅವು ಅಷ್ಟೊಂದು ಕೆಡುವುದಿಲ್ಲ. ಹಾಗಂತ ಪೂರ್ತಿ ಹೂ ಬಿಡುವ ತನಕ ಕಾಯುವಂತಿಲ್ಲ. ಮೊಗ್ಗಿನಲ್ಲಿ ಕುಯ್ದ ಸಾಧಾರಣ ತಳಿಯೇ ಅದಕ್ಕಿಂತ ಒಳ್ಳೆಯ ಮೇವು ಕೊಟ್ಟೀತು.

ರೋಗದ ಅಂಕಿಗಳನ್ನು ನಾನು ಇಷ್ಟು ಒತ್ತಿ ಹೇಳಲು ಇನ್ನೊಂದು ಕಾರಣವಿದೆ. ಲೂಸರ್ನ್ ವರ್ಷಗಟ್ಟಲೆ ನಿಲ್ಲುವ ಬೆಳೆ. ರೋಗ ತಾಳದ ಗಿಡಗಳು ಒಂದೊಂದಾಗಿ ಸಾಯುತ್ತವೆ, ಆ ಜಾಗಕ್ಕೆ ಕಳೆ ಬರುತ್ತದೆ, ಕಳೆ ಮೇವಿನಲ್ಲಿ ಸೇರುತ್ತದೆ. ಖಾಲಿ ಜಾಗಕ್ಕೆ ಮತ್ತೆ ಬೀಜ ಚೆಲ್ಲೋಣವೆಂದರೆ, ಹಳೆಯ ಗಿಡಗಳಿಂದ ಮಣ್ಣಿಗಿಳಿದ ಪದಾರ್ಥಗಳು ಲೂಸರ್ನಿನದೇ ಎಳೆ ಸಸಿಗಳನ್ನು ಏಳಲು ಬಿಡುವುದಿಲ್ಲ. ಮೊದಲ ಸಲ ಬಿತ್ತಿದ ಗುಂಪಿನಲ್ಲಿ ಎಷ್ಟು ಉಳಿಯುತ್ತವೋ ಅಷ್ಟರಲ್ಲೇ ಹೊಲ ನಡೆಯಬೇಕು.