ಕೋರ್ಟೆಸ್‌ನನ್ನು ದೇವರು ಅಂದುಕೊಂಡಿದ್ದರಂತೆ, ಹೌದಾ?

ಪ್ರಶ್ನೆ: ಬರೀ 500 ಜನ ಸ್ಪೇನಿನವರು ಅಷ್ಟು ದೊಡ್ಡ ಅಜ್ಟೆಕ್ ರಾಜ್ಯವನ್ನು ಹೇಗೆ ಗೆದ್ದರು? ಕೋರ್ಟೆಸ್ ಅಂದರೆ ತಮ್ಮ ದೇವರೇ ವಾಪಸ್ ಬಂದಿದ್ದಾನೆ ಅಂತ ಅಲ್ಲಿನವರು ನಂಬಿದ್ದರಂತೆ, ನಿಜವಾ?

ಎಷ್ಟನೇ ಸಲ ಈ ಪ್ರಶ್ನೆಗೆ ಉತ್ತರ ಬರೆಯುತ್ತಿದ್ದೇನೋ, ಲೆಕ್ಕ ತಪ್ಪಿದೆ. ಮೊದಲ ಭಾಗ ಸುಲಭ. 500 ಜನ ಗೆಲ್ಲಲಿಲ್ಲ. 1521ರಲ್ಲಿ ಅಜ್ಟೆಕರ ರಾಜಧಾನಿ ತೆನೊಚ್ತಿತ್ಲಾನ್ ನಗರವನ್ನು (ಇಂದಿನ ಮೆಕ್ಸಿಕೊ ನಗರ) ಮುತ್ತಿದ, ಸ್ಪೇನಿನ ದಂಡನಾಯಕ ಕೋರ್ಟೆಸ್‌ನ ದಂಡಿನಲ್ಲಿ ಹತ್ತಾರು ಸಾವಿರ ಮಂದಿ ಆ ನೆಲದವರೇ. ತ್ಲಾಸ್ಕಾಲಾದವರು, ತೆಸ್ಕೊಕೊದವರು, ಅಜ್ಟೆಕರಿಗೆ ಕಪ್ಪ ಕಟ್ಟಿ ಸಾಕಾಗಿದ್ದ ಎಷ್ಟೋ ಊರಿನವರು. ನಗರ ಇದ್ದದ್ದು ಸರೋವರದ ನಡುವೆ. ಅದನ್ನು ಸುತ್ತುಗಟ್ಟಲು 13 ಹಡಗು ಬೇಕಾಯಿತು. ಮರ ಕಡಿದು ಕೊಯ್ದದ್ದು ತ್ಲಾಸ್ಕಾಲಾದಲ್ಲಿ. ಆ ಹಲಗೆಗಳನ್ನು ಸಾವಿರಾರು ಜನ ಬೆಟ್ಟ ದಾಟಿಸಿ, ಹೊತ್ತು ತಂದು ತೆಸ್ಕೊಕೊದ ಹತ್ತಿರ ಇಳಿಸಿದರು. ಹೊತ್ತವರು ಯಾರು ಅಂದುಕೊಂಡಿರಿ? ಇದರ ಮೇಲೆ 1520ರಲ್ಲಿ ಸಿಡುಬು ಬಂತು. ಹೊಸ ದೊರೆ ಕ್ವಿತ್ಲಾವಾಕ್ ಪಟ್ಟಕ್ಕೆ ಬಂದು ಮೂರು ತಿಂಗಳು ತುಂಬುವ ಮೊದಲೇ ಹೋಗಿಬಿಟ್ಟ. 1521ರ ಆಗಸ್ಟ್ 13ಕ್ಕೆ ನಗರ ಬಿತ್ತು.

ಈಗ ಆ ದೇವರ ಕಥೆ. ಕೆತ್ಸಲ್‌ಕೋವಾತ್ಲ್ ಎಂಬ ದೇವರು ಪೂರ್ವ ದಿಕ್ಕಿಗೆ ಹೋಗಿದ್ದನಂತೆ, ವಾಪಸ್ ಬರುವುದಾಗಿ ಹೇಳಿದ್ದನಂತೆ, ಕೋರ್ಟೆಸ್ ಸರಿಯಾಗಿ ಅದೇ ವರ್ಷ ದಡಕ್ಕೆ ಬಂದನಂತೆ. ಇಷ್ಟು ಚೆನ್ನಾಗಿ ಹೊಂದಿಕೊಳ್ಳುವ ಕಥೆ ಕೇಳಿದಾಗ ನಮಗೆ ಸ್ವಲ್ಪ ಅನುಮಾನ ಬರಬೇಕು, ಅಲ್ವಾ?

ಕೋರ್ಟೆಸ್ 1520ರಲ್ಲಿ ತನ್ನ ರಾಜನಿಗೆ ಉದ್ದದ ಪತ್ರ ಬರೆದ. ಅದರಲ್ಲಿ ಕೆತ್ಸಲ್‌ಕೋವಾತ್ಲ್ ಹೆಸರೇ ಇಲ್ಲ. 'ನನ್ನನ್ನು ದೇವರು ಅಂದರು' ಅಂತಲೂ ಇಲ್ಲ. ತನ್ನ ಬೆನ್ನು ತಾನೇ ತಟ್ಟಿಕೊಳ್ಳುವುದರಲ್ಲಿ ಒಂದಿಷ್ಟೂ ಸಂಕೋಚ ಇಲ್ಲದ ಮನುಷ್ಯ ಅವನು. ಇಂಥ ಮಾತು ಕಿವಿಗೆ ಬಿದ್ದಿದ್ದರೆ ಬರೆಯದೆ ಬಿಡುತ್ತಿದ್ದನಾ? ಆ ಪತ್ರದಲ್ಲಿ ಇರುವುದು ಬೇರೆಯೇ. ಕ್ವಿತ್ಲಾವಾಕ್‌ಗಿಂತ ಮೊದಲಿನ ಅಜ್ಟೆಕ್ ದೊರೆ ಮೊಕ್ತೆಸುಮ ಬಟ್ಟೆ ಎತ್ತಿ ಕೋರ್ಟೆಸ್‌ಗೆ ಮೈ ತೋರಿಸುತ್ತಾನೆ. ನೋಡು, ನಾನೂ ನಿನ್ನ ಹಾಗೆ ರಕ್ತಮಾಂಸದವನೇ ಅನ್ನುತ್ತಾನೆ. 'ನಿನ್ನ ಹಾಗೆ' ಅನ್ನುವುದನ್ನು ಗಮನಿಸಿ.

ಹಿಂದೆ ಹೊರಟುಹೋದ ಒಬ್ಬ ಒಡೆಯನ ಮಾತೂ ಆ ಪತ್ರದಲ್ಲಿದೆ, ನಿಜ. ಅವನ ಕಡೆಯವರೇ ನೀವು, ರಾಜ್ಯ ನಿಮ್ಮದೇ ಅಂತ ಮೊಕ್ತೆಸುಮ ಒಪ್ಪಿಸಿಬಿಟ್ಟ ಅನ್ನುತ್ತಾನೆ ಕೋರ್ಟೆಸ್. ಆದರೆ ಇವನು ಕ್ಯೂಬಾದ ಗವರ್ನರ್ ಮಾತು ಮೀರಿ ಬಂದವನು. ರಾಜನ ಕೃಪೆ ಸಿಗದಿದ್ದರೆ ತಲೆ ಉಳಿಯುವುದೇ ಕಷ್ಟ. ಅಂಥವನ ಪತ್ರದಲ್ಲಿ ಎದುರಾಳಿ ತಾನಾಗಿಯೇ ರಾಜ್ಯ ಕೊಡುವುದರಲ್ಲಿ ಆಶ್ಚರ್ಯವೇನಿದೆ?

ಮತ್ತೆ ದೇವರು ಎಲ್ಲಿಂದ ಬಂದ? 1540ರ ದಶಕದಿಂದ ಈಚೆಗೆ. ಸಹಗೂನ್ ಎಂಬ ಪಾದ್ರಿ ಸ್ಥಳೀಯರಿಂದ ಕೇಳಿ ಬರೆಸಿದ ದಾಖಲೆಯಲ್ಲಿ ಈ ಕಥೆ ಮೈತುಂಬಿಕೊಂಡು ನಿಂತಿದೆ. ಬರೆದವರು ಪಾದ್ರಿಗಳ ಹತ್ತಿರ ಓದಿದ ಹುಡುಗರು. ಸೋಲಾಗಿ ಮೂವತ್ತು ವರ್ಷ ದಾಟಿತ್ತು. ಯಾಕೆ ಸೋತೆವು ಅನ್ನುವುದಕ್ಕೆ ಒಂದು ಕಾರಣ ಬೇಕಿತ್ತು. ಹೆದರಿದ ದೊರೆಯ ತಲೆಗೆ ಕಟ್ಟುವುದು ಸುಲಭ.

ಕುದುರೆ ನೋಡಿ ಬೆಚ್ಚಿದರು ಅನ್ನುವುದೂ ಅಷ್ಟೇ. 1519ರಲ್ಲಿ ತ್ಲಾಸ್ಕಾಲಾದವರು ಮಿತ್ರರಾಗುವ ಮೊದಲು ಇದೇ ಸ್ಪೇನಿನವರ ಜೊತೆ ಚೆನ್ನಾಗಿ ಕಾದಾಡಿದರು. ಕುದುರೆಯೊಂದರ ಕತ್ತು ಕಡಿದರು. ಅದನ್ನು ತುಂಡು ಮಾಡಿ, 'ನೋಡಿ, ಇದೂ ಸಾಯುತ್ತದೆ' ಅನ್ನುವ ಹಾಗೆ ಊರೂರಿಗೆ ತೋರಿಸಿದರು. ದೇವರ ವಾಹನವನ್ನು ಯಾರಾದರೂ ಹಾಗೆ ಮಾಡುತ್ತಾರಾ?

ನನಗೆ ಬೇಸರ ಏನೆಂದರೆ, ಕೇಳಬೇಕಾದ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಇವರೆಲ್ಲ ಯಾವ ಭಾಷೆಯಲ್ಲಿ ಮಾತಾಡಿದರು? ಅಗಿಲಾರ್ ಅಂತ ಒಬ್ಬ ಸ್ಪೇನಿನವನು 1511ರಲ್ಲಿ ಹಡಗು ಒಡೆದು ಮಾಯಾ ಜನರ ನಡುವೆ ಉಳಿದಿದ್ದ. ಅವನಿಗೆ ಸ್ಪ್ಯಾನಿಶ್, ಮಾಯಾ ಬರುತ್ತಿತ್ತು. ತಬಾಸ್ಕೊದಲ್ಲಿ ಕೋರ್ಟೆಸ್‌ಗೆ ಕಾಣಿಕೆಯಾಗಿ ಕೊಟ್ಟ 20 ಹೆಂಗಸರಲ್ಲಿ ಒಬ್ಬಳಿಗೆ ಮಾಯಾ, ಅಜ್ಟೆಕರ ಭಾಷೆಯಾದ ನಾವಾತ್ಲ್ ಎರಡೂ ಬರುತ್ತಿತ್ತು. ಹಾಗಾಗಿ ಶುರುವಿನಲ್ಲಿ ಒಂದೊಂದು ಮಾತೂ ಎರಡು ಬಾಯಿ ದಾಟಿ ಹೋಗಬೇಕಿತ್ತು. ಸ್ವಲ್ಪ ದಿನದಲ್ಲೇ ಅವಳು ಸ್ಪ್ಯಾನಿಶ್ ಕಲಿತಳು, ಅಗಿಲಾರ್ ಬೇಕಾಗಲಿಲ್ಲ.

ಅವಳಿಗೆ ಪಾದ್ರಿಗಳು ಇಟ್ಟ ಹೆಸರು ಮರೀನಾ. ನಾವಾತ್ಲ್‌ನಲ್ಲಿ 'ರ' ಇಲ್ಲ, ಅದು ಮಲೀನ ಆಯಿತು. ಅದಕ್ಕೆ 'ತ್ಸಿನ್' ಸೇರಿಸಿ ಮಲಿಂತ್ಸಿನ್ ಅಂದರು. ನಾವು ಹೆಸರಿನ ಹಿಂದೆ 'ಅವರು' ಹಚ್ಚುತ್ತೇವಲ್ಲ, ಹಾಗೆ. ಕಾಣಿಕೆಯಾಗಿ ಬಂದ ಹುಡುಗಿಗೆ ಬಹುವಚನ! ಸ್ಪೇನಿನವರ ಕಿವಿಗೆ ಅದು 'ಮಲಿಂಚೆ' ಅಂತ ಕೇಳಿಸಿತು. ಸದಾ ಅವಳ ಪಕ್ಕದಲ್ಲೇ ನಿಲ್ಲುತ್ತಿದ್ದ ಕೋರ್ಟೆಸ್‌ನನ್ನೂ ಜನ 'ಮಲಿಂಚೆ' ಅಂತಲೇ ಕರೆಯತೊಡಗಿದರು. ಇದನ್ನು ಬರೆದಿಟ್ಟವನು ಅವನದೇ ದಂಡಿನ ಸಿಪಾಯಿ. ದೇವರು ಅಂತ ನಂಬಿದ್ದವರು ಅವನನ್ನು ದುಭಾಷಿಯ ಹೆಸರಿನಿಂದ ಯಾಕೆ ಕರೆಯುತ್ತಿದ್ದರು, ಹೇಳಿ?