ಸೋಪು ಕೈಗಿರಲಿ, ಎದೆಗೆ ಬೇಡ

"ಎದೆ ಹತ್ತಿರ ತಂದರೆ ಮುಖ ತಿರುಗಿಸುತ್ತೆ ಡಾಕ್ಟ್ರೇ, ನನಗೆ ಹಾಲೇ ಇಲ್ಲವೇನೋ" ಎನ್ನುತ್ತಾ ಕಣ್ಣೀರು ತುಂಬಿಕೊಂಡು ಬರುವ ಬಾಣಂತಿಯರಲ್ಲಿ ಹೆಚ್ಚಿನವರಿಗೆ ಹಾಲು ಬೇಕಾದಷ್ಟು ಇರುತ್ತದೆ. ವಿಚಾರಿಸಿದರೆ ಬಯಲಾಗುವುದು ಬೇರೆಯೇ. ಪ್ರತಿ ಸಲ ಹಾಲೂಡಿಸುವ ಮೊದಲು ಸೋಪು ಹಚ್ಚಿ ಎದೆ ತೊಳೆಯುವುದು, ಕೆಲವರ ಮನೆಯಲ್ಲಿ ನೀರಿಗೆ ಕ್ರಿಮಿನಾಶಕ ಬೆರೆಸುವುದು, ಆಮೇಲೆ ಘಮಘಮ ಪೌಡರ್. ಎಷ್ಟು ಹೇಳಿದರೂ ಈ ಅಭ್ಯಾಸ ಹೋಗುತ್ತಿಲ್ಲ.

ಹುಟ್ಟಿದ ಕೂಸಿಗೆ ದೃಷ್ಟಿ ಇನ್ನೂ ಮಸುಕು. ಎದೆಯ ದಾರಿಯನ್ನು ಅದು ಬಹುಪಾಲು ಮೂಗಿನಿಂದಲೇ ಕಂಡುಕೊಳ್ಳುತ್ತದೆ. ಮೊಲೆತೊಟ್ಟಿನ ಸುತ್ತಲಿನ ಕಪ್ಪು ಭಾಗದಲ್ಲಿ ಸಣ್ಣ ಗುಳ್ಳೆಗಳಂತೆ ಕಾಣುವವು ಮಾಂಟ್‌ಗೊಮರಿ ಗ್ರಂಥಿಗಳು. ಬಸಿರಲ್ಲಿ ಇನ್ನಷ್ಟು ಎದ್ದು ಕಾಣುತ್ತವೆ. ಮೊಡವೆಯೆಂದು ಹಿಸುಕಬೇಡಿ. ಅವು ಸುರಿಸುವ ಜಿಡ್ಡು ಚರ್ಮ ಒಡೆಯದಂತೆ ಕಾಯುತ್ತದೆ, ಅದರ ವಾಸನೆಯೇ ಮಗುವನ್ನು ಕರೆಯುತ್ತದೆ. 1994ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ತಾಯಂದಿರ ಒಂದು ಎದೆಯನ್ನಷ್ಟೇ ತೊಳೆದು, ಆಗಷ್ಟೇ ಹುಟ್ಟಿದ ಮಕ್ಕಳನ್ನು ನಡುವೆ ಮಲಗಿಸಿದರು. 30 ಮಕ್ಕಳಲ್ಲಿ 22 ಆರಿಸಿಕೊಂಡದ್ದು ತೊಳೆಯದ ಎದೆಯನ್ನು. ಅದಕ್ಕೂ ಮೊದಲು, 1975ರಲ್ಲೇ, ಆರು ದಿನದ ಕೂಸು ಬೇರೆ ಬಾಣಂತಿಯ ಎದೆಬಟ್ಟೆಗಿಂತ (ಸೋರುವ ಹಾಲು ಹೀರಲು ಎದೆಗಿಡುವ ಬಟ್ಟೆ) ತನ್ನ ತಾಯಿಯದರ ಕಡೆಗೇ ಹೆಚ್ಚು ಹೊರಳುತ್ತದೆಂದು ಏಡನ್ ಮ್ಯಾಕ್‌ಫರ್ಲೇನ್ ಎಂಬ ಬ್ರಿಟಿಷ್ ಮಕ್ಕಳ ವೈದ್ಯರು ತೋರಿಸಿದ್ದರು.

ಹಾಗಾದರೆ ಶುಚಿ ಬೇಡವೇ ಎಂದು ಅತ್ತೆಯಂದಿರು ಕೇಳುತ್ತಾರೆ. ಬೇಕು. ಕೈ ಸೋಪಿನಿಂದ ತೊಳೆಯಿರಿ, ಪ್ರತಿ ಸಲವೂ. ಎದೆಗೆ ದಿನಕ್ಕೊಂದು ಸ್ನಾನ ಸಾಕು, ಅಲ್ಲಿಗೆ ಬರೀ ನೀರು. ಹಾಲೂಡಿಸುವ ಮೊದಲು ತೊಳೆಯಬೇಕಿಲ್ಲ, ಒರೆಸಬೇಕಿಲ್ಲ, ಪೌಡರ್, ಸೆಂಟು ಬೇಡ. ಮಗುವಿಗೂ ಅಷ್ಟೆ: ಮೊದಲ ಸ್ನಾನಕ್ಕೆ ಕನಿಷ್ಠ 24 ಗಂಟೆ ಕಾಯಿರಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಎರೆದ ಮೇಲೆ ಹಾಕುವ ಸಾಂಬ್ರಾಣಿ ಹೊಗೆ ಎಳೆಯ ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಅದು ಬೇರೆಯೇ ಜಗಳ, ಇನ್ನೊಮ್ಮೆ ಆಡೋಣ.

ಇದೆಲ್ಲ ಒಂದೇ ಮಾತಿಗೆ ಅರ್ಥವಾದದ್ದು ಹಿರಿಯೂರು ಕಡೆಯ ಕುರಿ ಸಾಕುವ ಮನೆಯ ಅಜ್ಜಿಗೆ. "ಈದ ಕುರಿ ಮರೀನ ಮೂಸಿ ನೆಕ್ಕೋಕೆ ಮುಂಚೆ ನಾವು ತೊಳುದ್ರೆ ಹತ್ರ ಸೇರುಸ್ಕಣಲ್ಲ ಕಣಮ್ಮ" ಎಂದು ಮೊಮ್ಮಗಳ ಕೈಯಿಂದ ಸೋಪಿನ ಡಬ್ಬಿ ಕಸಿದುಕೊಂಡರು. ಆ ಹುಡುಗಿ ಗಾಬರಿಯಾದಳು. ಮನುಷ್ಯರ ತಾಯಿ ಕುರಿಯಂತಲ್ಲ ಎಂದು ಅವಳಿಗೆ ಬಿಡಿಸಿ ಹೇಳಬೇಕಾಯಿತು. ಸಿಸೇರಿಯನ್ ಆಗಿ, ಕೂಸು ಮೊದಲ ದಿನಗಳನ್ನು ಐಸಿಯುವಿನಲ್ಲಿ ಕಳೆದರೂ ಬಾಂಧವ್ಯ ಬೆಳೆಯುತ್ತದೆ. ಎದೆಗವಚಿ ಚರ್ಮಕ್ಕೆ ಚರ್ಮ ತಾಗಿಸಿ ಹಿಡಿದುಕೊಳ್ಳಿ, ಅವಸರ ಬೇಡ. ಶೀತವಾಗಿ ವಾಸನೆಯೇ ತಿಳಿಯದ ತಾಯಿಯೂ ಚಿಂತಿಸಬೇಕಿಲ್ಲ. ದನಿ, ಶಾಖ, ಸ್ಪರ್ಶವೂ ಕೆಲಸ ಮಾಡುತ್ತವೆ.

ಐಸಿಯುವಿನಲ್ಲಿರುವ ಮಗುವಿನ ಬಳಿ ತಾಯಿ ಉಟ್ಟ ಬಟ್ಟೆ ಇಡಬಹುದೇ ಎಂಬುದನ್ನು ಅಲ್ಲಿನ ದಾದಿಯರನ್ನೇ ಕೇಳಿ. ಮನೆಯಲ್ಲಿ ಮಾತ್ರ ಮಲಗಿದ ಕೂಸಿನ ಮುಖದ ಹತ್ತಿರ ಯಾವ ಬಟ್ಟೆಯನ್ನೂ ಸಡಿಲವಾಗಿ ಬಿಡಬೇಡಿ, ಉಸಿರುಕಟ್ಟುವ ಅಪಾಯವಿದೆ. ಮುಖ ತಿರುಗಿಸುವುದಕ್ಕೆ ಕಾರಣ ಯಾವಾಗಲೂ ಸೋಪೇ ಅಲ್ಲ. ಕೂಸು ಮಂಕಾಗಿದ್ದರೆ, ಜ್ವರ ಬಂದರೆ, ಮೈ ತಣ್ಣಗಾದರೆ, ಉಚ್ಚೆ ಕಡಿಮೆಯಾದರೆ ಮನೆಯಲ್ಲಿ ಪ್ರಯೋಗ ಮಾಡುತ್ತಾ ಕೂರದೆ ಆಗಲೇ ವೈದ್ಯರಿಗೆ ತೋರಿಸಿ.