ಕಂದು ಕೊಬ್ಬು: ಬೇಕೆಂದೇ ಇಟ್ಟ ಸೋರಿಕೆ

ಆಗಷ್ಟೇ ಹುಟ್ಟಿದ ಮಗುವಿಗೆ ನಮ್ಮ ಹಾಗೆ ಗಡಗಡ ನಡುಗಿ ಮೈ ಬಿಸಿ ಮಾಡಿಕೊಳ್ಳಲು ಬರುವುದಿಲ್ಲ. ಕುಲಾವಿ ಹಾಕಿ, ಬಟ್ಟೆ ಸುತ್ತಿ ನಾವು ಹೊರಗಿನಿಂದ ಬೆಚ್ಚಗಿಡುತ್ತೇವೆ. ಒಳಗಿನಿಂದ ಬೆಚ್ಚಗಿಡುವುದು ಕಂದು ಕೊಬ್ಬು. ಮಗುವಿನ ಬೆನ್ನಿನಲ್ಲಿ ಎರಡೂ ಹೆಗಲಿನ ನಡುವೆ, ಕತ್ತಿನಲ್ಲಿ, ಮೂತ್ರಪಿಂಡಗಳ ಸುತ್ತ ಅದು ಇರುತ್ತದೆ.

ಬಿಳಿ ಕೊಬ್ಬು ಕಣಜ, ಕಂದು ಕೊಬ್ಬು ಒಲೆ. ಬಿಳಿ ಕೋಶದಲ್ಲಿ ಒಂದೇ ದೊಡ್ಡ ಕೊಬ್ಬಿನ ಹನಿ. ಕಂದು ಕೋಶದಲ್ಲಿ ಸಣ್ಣ ಸಣ್ಣ ಹನಿಗಳು, ಜೊತೆಗೆ ಕಿಕ್ಕಿರಿದ ಮೈಟೊಕಾಂಡ್ರಿಯಾ, ಅಂದರೆ ಕೋಶಕ್ಕೆ ಶಕ್ತಿ ತಯಾರಿಸುವ ಪುಟ್ಟ ಘಟಕಗಳು. ಆ ಮೈಟೊಕಾಂಡ್ರಿಯಾಗಳಲ್ಲಿರುವ ಕಬ್ಬಿಣದ ಅಂಶದಿಂದಲೇ ಕಂದು ಬಣ್ಣ.

ಈಗ ಮುಖ್ಯ ವಿಷಯ. ಮೈಟೊಕಾಂಡ್ರಿಯಾ ಒಂದು ಅಣೆಕಟ್ಟು ಅಂದುಕೊಳ್ಳಿ. ಆಹಾರದ ಶಕ್ತಿಯಿಂದ ಪ್ರೋಟಾನ್‌ಗಳನ್ನು ಒಳಪೊರೆಯ ಆಚೆಗೆ ಪಂಪ್ ಮಾಡಲಾಗುತ್ತದೆ. ಅವು ಎಟಿಪಿ ಸಿಂಥೇಸ್ ಎಂಬ ಟರ್ಬೈನ್ ಮೂಲಕ ವಾಪಸ್ ಬಂದರೆ ಎಟಿಪಿ, ಅಂದರೆ ಕೋಶ ತನ್ನ ಕೆಲಸಗಳಿಗೆ ಬಳಸುವ ಶಕ್ತಿಯ ಅಣು, ತಯಾರಾಗುತ್ತದೆ. ಕಂದು ಕೊಬ್ಬಿನಲ್ಲಿ ಇನ್ನೊಂದು ದಾರಿಯೂ ಇದೆ: ಯುಸಿಪಿ1 ಎಂಬ ಪ್ರೋಟೀನ್. ಲಿಂಗನಮಕ್ಕಿ ತುಂಬಿ ಗೇಟ್ ಎತ್ತಿದಾಗ ನೀರು ಟರ್ಬೈನ್ ಮುಟ್ಟದೆ ಜೋಗದ ಕಡೆ ಹರಿಯುತ್ತದಲ್ವಾ, ಹಾಗೆ. ಪ್ರೋಟಾನ್‌ಗಳು ಸುಮ್ನೆ ಒಳಗೆ ನುಗ್ಗುತ್ತವೆ. ಎಟಿಪಿ ಆಗುವುದಿಲ್ಲ, ಶಕ್ತಿಯೆಲ್ಲ ಬಿಸಿಯಾಗುತ್ತದೆ. ಪ್ರೋಟಾನ್ ಒತ್ತಡ ಇಳಿದ ಕಾರಣ ಪಂಪ್‌ಗಳು ಇನ್ನೂ ಜೋರಾಗಿ ಓಡುತ್ತವೆ, ಕೊಬ್ಬು ಇನ್ನೂ ಬೇಗ ಉರಿಯುತ್ತದೆ. "ಎಟಿಪಿ ಜಾಸ್ತಿ ಆಗುವುದರಿಂದ ಬಿಸಿ" ಎಂದು ನಾನೂ ಮೊದಲು ಬರೆದುಕೊಂಡಿದ್ದೆ. ಅದು ಪೂರ್ತಿ ಉಲ್ಟಾ.

ಗೇಟ್ ಎತ್ತುವವರು ಯಾರು? ಚಳಿ ತಾಗಿದ ಸುದ್ದಿ ಮಿದುಳಿಗೆ ಹೋಗುತ್ತದೆ. ಅಲ್ಲಿಂದ ಬರುವ ನರಗಳು ಕಂದು ಕೋಶದ ಮೇಲೆ ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕ ಸುರಿಸುತ್ತವೆ. ಕೊಬ್ಬಿನ ಹನಿ ಒಡೆದು ಕೊಬ್ಬಿನಾಮ್ಲಗಳು ಹೊರಬರುತ್ತವೆ. ಇವು ಉರಿಯುವ ಸೌದೆಯೂ ಹೌದು, ಯುಸಿಪಿ1 ತೆರೆಯುವ ಕೀಲಿಯೂ ಹೌದು. ನನಗೆ ತುಂಬ ಇಷ್ಟವಾದ ಭಾಗ ಇದೇ. ಸೌದೆ ಇಲ್ಲದಾಗ ಗೇಟ್ ಸುಮ್ಮನೆ ತೆರೆದುಕೊಂಡಿರುವುದಿಲ್ಲ.

ಈ ನಿಯಂತ್ರಣ ಎಷ್ಟು ಮುಖ್ಯ ಅಂತ ತಿಳಿಯಲು ಡೈನೈಟ್ರೋಫೀನಾಲ್ ಎಂಬ ರಾಸಾಯನಿಕದ ಕಥೆ ಸಾಕು. 1930ರ ದಶಕದಲ್ಲಿ ಅಮೆರಿಕದಲ್ಲಿ ತೂಕ ಇಳಿಸಲು ಇದನ್ನು ನುಂಗುತ್ತಿದ್ದರು. ಇದೂ ಪ್ರೋಟಾನ್ ಸೋರಿಸುತ್ತದೆ, ಆದರೆ ಮೈಯ ಎಲ್ಲ ಕಡೆ, ತಡೆಯೇ ಇಲ್ಲದೆ. ತೂಕ ಇಳಿಯಿತು. ಕೆಲವರು ಮೈ ಕಾದು ಸತ್ತೂ ಹೋದರು.

ಹಂದಿಮರಿ ಇದಕ್ಕೆ ತದ್ವಿರುದ್ಧ. ಹಂದಿಗಳಲ್ಲಿ ಯುಸಿಪಿ1 ಜೀನ್ ಕೆಟ್ಟುಹೋಗಿದೆ. ಹಾಗಾಗಿ ಮರಿಗಳು ನಡುಗಿಯೇ ಬೆಚ್ಚಗಾಗಬೇಕು, ಒಂದರ ಮೇಲೊಂದು ಬಿದ್ದು ಮಲಗಬೇಕು.

ದೊಡ್ಡವರಲ್ಲಿ? ಬಹುಕಾಲ ಇದು ಮಕ್ಕಳಲ್ಲಿ ಮಾತ್ರ ಮುಖ್ಯ ಎಂದುಕೊಂಡಿದ್ದರು. ಸಕ್ಕರೆ ಜಾಸ್ತಿ ಹೀರುವ ಜಾಗಗಳನ್ನು ತೋರಿಸುವ ಪೆಟ್ ಸ್ಕ್ಯಾನ್‌ನಲ್ಲಿ ಕೆಲವರ ಕತ್ತಿನ ಎರಡೂ ಬದಿ ಹೊಳೆಯುತ್ತಿತ್ತು. ಅದು ಗೆಡ್ಡೆಯಲ್ಲ, ಸಕ್ಕರೆ ಹೀರುತ್ತಿದ್ದ ಕಂದು ಕೊಬ್ಬು. 2009ರಲ್ಲಿ ಬಂದ ಮೂರು ಅಧ್ಯಯನಗಳು ಇದನ್ನು ಖಚಿತಪಡಿಸಿದವು. ತೆಳ್ಳಗಿನವರಲ್ಲಿ, ಚಿಕ್ಕ ವಯಸ್ಸಿನವರಲ್ಲಿ ಜಾಸ್ತಿ.

ಹಾಗಾದರೆ ಚಳಿಯಲ್ಲಿ ಕೂತರೆ ತೂಕ ಇಳಿಯುತ್ತಾ? ಲೆಕ್ಕ ನೋಡಿ. ಚಳಿಯ ಬದಲು ಮಾತ್ರೆಯಿಂದ ಕಂದು ಕೊಬ್ಬನ್ನು ಚುರುಕಾಗಿಸಿ ನೋಡಿದ 2015ರ ಒಂದು ಪ್ರಯೋಗದಲ್ಲಿ 12 ಆರೋಗ್ಯವಂತ ಗಂಡಸರಿಗೆ ಮಿರಾಬೆಗ್ರಾನ್ ಮಾತ್ರೆ 200 ಮಿಲಿಗ್ರಾಂ ಕೊಟ್ಟರು. ಇದು ಮೂತ್ರಕೋಶದ ತೊಂದರೆಗೆ ಕೊಡುವ ಔಷಧ, ರೂಢಿಯ ಪ್ರಮಾಣ ಇದಕ್ಕಿಂತ ತುಂಬ ಕಡಿಮೆ. ಕಂದು ಕೊಬ್ಬು ಚುರುಕಾಯಿತು, ಸುಮ್ಮನೆ ಕೂತಾಗಿನ ಖರ್ಚು ದಿನದ ಲೆಕ್ಕದಲ್ಲಿ ಸುಮಾರು 200 ಕಿಲೋಕ್ಯಾಲೊರಿ ಏರಿತು. ಎದೆಬಡಿತವೂ ಏರಿತು. ಒಂದು ಗ್ರಾಂ ಕೊಬ್ಬಿಗೆ 9 ಕಿಲೋಕ್ಯಾಲೊರಿ ಎಂದರೆ ದಿನಕ್ಕೆ 22 ಗ್ರಾಂ. ಒಂದು ಮಸಾಲೆ ದೋಸೆ ತಿಂದರೆ ಅಷ್ಟೂ ವಾಪಸ್. ಚಳಿಗೆ ಹಸಿವೂ ಹೆಚ್ಚುವುದರಿಂದ ಆ ದೋಸೆ ಬೇಡ ಅನ್ನುವುದು ಇನ್ನೂ ಕಷ್ಟ.